ಫೋಟೊ ತೆಗೆದವನು ಎಲ್ಲಿ ನಿಂತಿದ್ದ?

ಸಂಪಾದಕರಿಗೆ ನಮಸ್ಕಾರ.

ನಮ್ಮ ಮನೆ ಹಾಲ್‌ನ ಒಂದು ಗೋಡೆ ಪ್ರತಿ ಮಳೆಗಾಲದಲ್ಲೂ ತೇವ ಹಿಡಿಯುತ್ತದೆ. ಎರಡು ಸಲ ಪೇಂಟ್ ಹೊಡೆಸಿದ್ದಾಯಿತು, ಹಪ್ಪಳದ ಥರ ಎದ್ದು ಉದುರುತ್ತದೆ. ಅದನ್ನು ಮುಚ್ಚಲು ಸೊಸೆ ಹೋದ ತಿಂಗಳು ಮೊಬೈಲಿನಲ್ಲೇ ಆರ್ಡರ್ ಮಾಡಿ ಒಂದು ಬಟ್ಟೆ ತರಿಸಿದಳು. ವಾಲ್ ಟ್ಯಾಪೆಸ್ಟ್ರಿ ಅಂತ ಅದರ ಹೆಸರು. ಟ್ಯಾಪೆಸ್ಟ್ರಿ ಅಂದರೆ ಮಗ್ಗದಲ್ಲಿ ಚಿತ್ರವನ್ನೇ ನೇಯ್ದ ದಪ್ಪ ಬಟ್ಟೆ ಅಂತ ಮಗ ಹೇಳಿದ್ದ. ಬಂದದ್ದು ಪಂಚೆಗಿಂತ ತೆಳುವಾದ ಪಾಲಿಸ್ಟರ್. ನೇಯ್ಗೆಯಲ್ಲಿ ಚಿತ್ರ ಇಲ್ಲ, ಮೇಲೆ ಫೋಟೊ ಪ್ರಿಂಟ್ ಹೊಡೆದಿದ್ದಾರೆ. ಐದಡಿ ಅಗಲ, ನಾಲ್ಕಡಿ ಎತ್ತರ. ಫೋಟೊ ಯಾವುದಪ್ಪಾ ಅಂದರೆ, ಕಾಡಿನ ನಡುವೆ ಹೋಗುವ ಒಂದು ಹೆದ್ದಾರಿ.

ನಾನು ನಿವೃತ್ತ ಬಸ್ ಡ್ರೈವರ್. 1984ರಲ್ಲಿ ಕೆಲಸಕ್ಕೆ ಸೇರಿ 2016ರಲ್ಲಿ ರಿಟೈರ್ ಆದೆ. ಅದರಲ್ಲಿ ಜಾಸ್ತಿ ವರ್ಷ ಓಡಿಸಿದ್ದು ಮೈಸೂರು–ಊಟಿ ಮತ್ತು ಮೈಸೂರು–ಕಲ್ಲಿಕೋಟೆ ರೂಟುಗಳಲ್ಲಿ. ಗುಂಡ್ಲುಪೇಟೆ ದಾಟಿದ ಮೇಲೆ ಎರಡು ರೂಟೂ ಬಂಡೀಪುರದ ಕಾಡಿನೊಳಗೇ ಹೋಗುತ್ತವೆ. ‘ಮಾವನಿಗೆ ಇಷ್ಟ ಆಗುತ್ತೆ’ ಅಂತಲೇ ಸೊಸೆ ಈ ಫೋಟೊ ಆರಿಸಿದ್ದಳಂತೆ. ಒಳ್ಳೆ ಮನಸ್ಸಿನಿಂದ ತರಿಸಿದ್ದು, ನಾನು ಏನೂ ಅನ್ನಲಿಲ್ಲ. ಬೆಳಿಗ್ಗೆ ನಿಮ್ಮ ಪತ್ರಿಕೆ ಓದುವ ಕುರ್ಚಿ ಅದರ ಎದುರಿಗೇ ಇದೆ. ಒಂದು ತಿಂಗಳಿಂದ ಅದನ್ನು ನೋಡಿ ನೋಡಿ ಹೊಟ್ಟೆಯಲ್ಲಿ ಉಳಿದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬಟ್ಟೆ ಬಂದಾಗ ಸೀರೆ ಪ್ಯಾಕೆಟ್ಟಿನಷ್ಟೇ ಚಿಕ್ಕದಾಗಿತ್ತು. ಬಿಚ್ಚಿದರೆ ಮಡಿಕೆಯ ಗೆರೆಗಳು. ಬಿಸಿ ಜಾಸ್ತಿಯಾದರೆ ಕರಗುತ್ತದೆ ಅಂತ ಸೊಸೆ ಮೇಲೊಂದು ಟವೆಲ್ ಹಾಸಿ ಇಸ್ತ್ರಿ ಮಾಡಿದಳು. ಎಲ್ಲ ಗೆರೆ ಹೋದವು, ಒಂದು ಮಾತ್ರ ಜಪ್ಪಯ್ಯ ಅಂದರೂ ಹೋಗಲಿಲ್ಲ. ಅದು ಸರಿಯಾಗಿ ರಸ್ತೆಗೆ ಅಡ್ಡ ಬಿದ್ದಿದೆ, ಥೇಟ್ ಹಂಪ್ ಥರ. ಫ್ಯಾನ್ ಹಾಕಿದರೆ ಬಟ್ಟೆ ಉಬ್ಬುತ್ತದೆ, ರಸ್ತೆ ಏರಿ ಇಳಿಯುತ್ತದೆ. ಪೇಪರ್ ಹಿಡಿದು ಕೂತಿದ್ದರೂ ನನ್ನ ಬಲಗಾಲು ತಾನಾಗಿ ಬ್ರೇಕ್ ಹುಡುಕುತ್ತದೆ. ನಗಬೇಡಿ, ಮೂವತ್ತೆರಡು ವರ್ಷದ ಅಭ್ಯಾಸ.

ಇದು ನಮ್ಮ ಕಡೆಯ ರಸ್ತೆ ಅಲ್ಲ ಅಂತ ಮೊದಲ ದಿನವೇ ಗೊತ್ತಾಯಿತು. ನಡುವೆ ಎರಡು ಹಳದಿ ಗೆರೆ ಜೋಡಿಯಾಗಿ ಎಳೆದಿದ್ದಾರೆ. ದೂರದಲ್ಲಿ ಬೆರಳ ತುದಿಯಷ್ಟು ಕೆಂಪು ಕಾರೊಂದು ನಮಗೆ ಬೆನ್ನು ಮಾಡಿ ಹೋಗುತ್ತಿದೆ, ಅದೂ ರಸ್ತೆಯ ಬಲಗಡೆ. ಮನೆಯಲ್ಲಿ ಯಾರಿಗೂ ಆ ಕಾರು ಕಂಡಿರಲೇ ಇಲ್ಲ. ಡ್ರೈವರಿಗೆ ಮೊದಲು ಕಾಣುವುದೇ ಅದು ಅಲ್ವಾ? ಮರಗಳು ಕಂಬ ನೆಟ್ಟ ಹಾಗೆ ನೆಟ್ಟಗಿವೆ, ಎಲ್ಲವೂ ಒಂದೇ ಜಾತಿ. ಬಂಡೀಪುರದಲ್ಲಿ ತೇಗ, ಮತ್ತಿ, ದಿಂಡಿಲು, ಬಿದಿರು ಎಲ್ಲ ಕಲಸಿಕೊಂಡಿರುತ್ತವೆ. ಮಾರ್ಚ್ ಬಂದರೆ ಮುಕ್ಕಾಲು ಕಾಡು ಬೋಳು, ನಡುನಡುವೆ ಮುತ್ತುಗದ ಮರ ಮಾತ್ರ ಬೆಂಕಿ ಹತ್ತಿದ ಹಾಗೆ. ಬುಡದಲ್ಲಿ ಎಲ್ಲಿ ನೋಡಿದರೂ ಲಂಟಾನ. ಅಂಥ ರಸ್ತೆಯನ್ನು ಯಾರೂ ಗೋಡೆಗೆ ಹಾಕಿಕೊಳ್ಳುವುದಿಲ್ಲ ಬಿಡಿ. ಹಂಪ್‌ಗಳು ಬೇರೆ, ‘ಆನೆ ದಾಟುವ ಸ್ಥಳ’ ಅಂತ ಬೋರ್ಡು ಬೇರೆ.

ನಮ್ಮೂರಿನಲ್ಲಿ ಪೌರಾಣಿಕ ನಾಟಕ ಆಡುವಾಗ ಸೀನರಿ ಬಾಡಿಗೆಗೆ ತರಿಸುತ್ತಿದ್ದೆವು. ದರ್ಬಾರಿಗೊಂದು ಪರದೆ, ಬೀದಿಗೊಂದು, ಕಾಡಿಗೊಂದು. ಕಾಡಿನ ಪರದೆಯಲ್ಲಿ ನಡುವೆ ಒಂದು ದಾರಿ ಇದ್ದೇ ಇರುತ್ತಿತ್ತು. ದೂರದಿಂದ ನೋಡಿದರೆ ಆ ದಾರಿಯಲ್ಲಿ ನಡೆದು ಹೋಗಿಬಿಡೋಣ ಅನ್ನಿಸುತ್ತಿತ್ತು. ಪರದೆಯ ಹಿಂದೆ ನೋಡಿದರೆ ದುರ್ಯೋಧನ ಬೀಡಿ ಸೇದುತ್ತಾ ಕೂತಿರುತ್ತಿದ್ದ. ನನ್ನದು ಶಕುನಿ ಪಾತ್ರ, ಹಾಗಾಗಿ ಎರಡೂ ಕಡೆ ನೋಡಿದವನು. ಪರದೆ ಬರೆಯುವ ಕಲಾವಿದ ಕೋಣೆಯಲ್ಲಿ ಕೂತು ಬರೆಯುತ್ತಾನೆ, ಅವನಿಗೆ ಕಾಡಿನ ಹಂಗಿಲ್ಲ. ಆದರೆ ಫೋಟೊ ಹಾಗಲ್ಲ. ಫೋಟೊ ತೆಗೆಯಲು ಯಾರಾದರೂ ಅಲ್ಲಿ ನಿಂತಿರಲೇಬೇಕು.

ಎಲ್ಲಿ ನಿಂತಿದ್ದ ಅನ್ನುವುದೇ ನನ್ನ ಪ್ರಶ್ನೆ.

ಒಂದು ದಿನ ಕನ್ನಡಕ ಹಾಕಿಕೊಂಡು ಹತ್ತಿರ ಹೋಗಿ ನೋಡಿದೆ. ಎಡಕ್ಕೆ ಎಷ್ಟು ಮರವೋ ಬಲಕ್ಕೂ ಅಷ್ಟೇ ಮರ. ಹಳದಿ ಗೆರೆ ಬಟ್ಟೆಯ ಕೆಳ ಅಂಚಿನಿಂದ ಶುರುವಾಗಿ ಸೀದಾ ಮೇಲಕ್ಕೆ ಹೋಗುತ್ತದೆ. ಡಾಂಬರಿನ ಒಂದೊಂದು ಜಲ್ಲಿಯೂ ಎಣಿಸುವಷ್ಟು ಹತ್ತಿರದಲ್ಲಿದೆ. ಅಂದರೆ ಕ್ಯಾಮೆರಾ ಇದ್ದದ್ದು ರಸ್ತೆಯ ನಟ್ಟನಡುವೆ, ನೆಲದಿಂದ ಮೊಣಕಾಲೆತ್ತರದಲ್ಲಿ. ಫೋಟೊಗ್ರಾಫರ್ ಕುಕ್ಕರಗಾಲಲ್ಲಿ ಕೂತಿದ್ದಾನೆ, ಇಲ್ಲವೇ ಬೋರಲು ಮಲಗಿದ್ದಾನೆ. ನನ್ನ ಸೀಟು ಬಸ್ಸಿನ ಬಲಗಡೆ, ನಾವು ಓಡಿಸುವುದು ರಸ್ತೆಯ ಎಡಗಡೆ. ನಡುವಿನ ಗೆರೆ ಯಾವತ್ತೂ ನನ್ನ ಬಲಕ್ಕೇ ಇತ್ತು. ಅಷ್ಟು ವರ್ಷ ಓಡಿಸಿದರೂ ಕಾಡಿನ ರಸ್ತೆಯನ್ನು ನಾನು ಆ ಜಾಗದಿಂದ ಒಂದು ದಿನವೂ ನೋಡಿಲ್ಲ. ಆ ಜಾಗದಲ್ಲಿ ಇದ್ದವರನ್ನು ಮಾತ್ರ ನೋಡಿದ್ದೇನೆ.

2012ರ ಡಿಸೆಂಬರ್. ಬೆಳಿಗ್ಗೆ ಆರಕ್ಕೆ ಮೇಲುಕಾಮನಹಳ್ಳಿ ಚೆಕ್‌ಪೋಸ್ಟಿನಲ್ಲಿ ಗೇಟು ತೆಗೆದರು. ಲಾರಿ, ತರಕಾರಿ ಟೆಂಪೊ, ಕಾರುಗಳ ಸಾಲಿನಲ್ಲಿ ನಮ್ಮ ಊಟಿ ಬಸ್ಸು. ಮಂಜು ಅಂದರೆ ಮಂಜು, ವೈಪರ್ ಹಾಕಿಕೊಂಡೇ ಹೋಗುತ್ತಿದ್ದೆ. ಒಂದು ಬಿಳಿ ಕಾರು ಹಾರ್ನ್ ಹೊಡೆದು ಓವರ್‌ಟೇಕ್ ಮಾಡಿ ಹೋಯಿತು. ಒಂದು ತಿರುವು ದಾಟಿದರೆ ಅದೇ ಕಾರು ಪಕ್ಕಕ್ಕೆ ನಿಂತಿದೆ. ಒಬ್ಬ ಹುಡುಗ ಗೆರೆಯ ಮೇಲೆ ಬೋರಲು ಮಲಗಿ ಕ್ಯಾಮೆರಾ ಹಿಡಿದಿದ್ದಾನೆ. ಇನ್ನು ಮೂವರು ಕೈ ಚಾಚಿಕೊಂಡು ಅವನ ಕಡೆಗೆ ನಡೆದು ಬರುತ್ತಿದ್ದಾರೆ.

ಗಂಟೆಗೆ 40 ಕಿಲೋಮೀಟರ್ ಅಂದರೆ ಸೆಕೆಂಡಿಗೆ 11 ಮೀಟರ್. ಕಣ್ಣು ಕಂಡಿದ್ದು ಕಾಲಿಗೆ ಗೊತ್ತಾಗಲು ಒಂದು ಸೆಕೆಂಡ್ ಬೇಕು. ಬಸ್ಸಿನ ಉದ್ದವೂ ಹೆಚ್ಚುಕಮ್ಮಿ 11 ಮೀಟರ್. ಅಂದರೆ ನಾನು ಬ್ರೇಕ್ ಮುಟ್ಟುವುದರೊಳಗೆ ಬಸ್ಸು ತನ್ನ ಮೈಯಷ್ಟು ಮುಂದೆ ಹೋಗಿರುತ್ತದೆ. ಆಮೇಲೆ ಶುರು ಬ್ರೇಕ್ ಹಿಡಿಯುವುದು, ಅದೂ ಇಬ್ಬನಿಗೆ ಒದ್ದೆಯಾದ ಡಾಂಬರಿನ ಮೇಲೆ. ಆ ದಿನ ಬಸ್ಸು ನಿಂತಾಗ ಹುಡುಗನ ಚಪ್ಪಲಿಗೂ ನನ್ನ ಬಂಪರಿಗೂ ಎರಡು ಮಾರು ಅಂತರ. ಕಂಡಕ್ಟರ್ ಚೀಲದ ಚಿಲ್ಲರೆಯೆಲ್ಲ ಡ್ರೈವರ್ ಸೀಟಿನ ತನಕ ಉರುಳಿ ಬಂತು. ಮುಂದಿನ ಸೀಟಿನ ಅಜ್ಜಿಯ ತುಟಿ ಒಡೆದು ರಕ್ತ ಬಂತು. ಮಲಗಿದ್ದವನು ತಲೆಯೆತ್ತಿ, ‘ಅಂಕಲ್, ಒಂದೇ ನಿಮಿಷ’ ಅಂದ.

ನಾನು ಏನು ಬೈದೆ ಅಂತ ನೀವು ಅಚ್ಚು ಹಾಕುವುದಿಲ್ಲ, ಅದಕ್ಕೆ ಬರೆಯುವುದಿಲ್ಲ. ಇನ್ನೂ ಬೈಯುತ್ತಿದ್ದೆನೇನೋ, ಕಂಡಕ್ಟರ್ ನನ್ನ ಭುಜ ಮುಟ್ಟಿ ಎಡಕ್ಕೆ ತೋರಿಸಿದ. ಲಂಟಾನದ ಹಿಂದೆ ಒಂದು ಕಿವಿ ಅಲ್ಲಾಡಿತು. ಹೆಣ್ಣಾನೆ, ಹೊಟ್ಟೆಯ ಕೆಳಗೆ ಮರಿ. ಇಪ್ಪತ್ತು ಗಜ ಇರಬಹುದು, ಅಷ್ಟೇ. ಆ ಹುಡುಗರು ಕ್ಯಾಮೆರಾದಲ್ಲಿ ರಸ್ತೆ ನೋಡುತ್ತಿದ್ದರು, ಆನೆ ಅವರನ್ನು ನೋಡುತ್ತಾ ನಿಂತಿತ್ತು. ನಾನು ದನಿ ತಗ್ಗಿಸಿ, ಓಡಬೇಡಿ, ಮೆತ್ತಗೆ ಹೋಗಿ ಕಾರು ಹತ್ತಿ ಅಂದೆ. ಹತ್ತಿದರು. ಆನೆ ಒಳ್ಳೆಯದು, ಸುಮ್ಮನಿತ್ತು. ಎಲ್ಲ ಆನೆಯೂ ಹಾಗಿರುವುದಿಲ್ಲ. 2025ರ ಆಗಸ್ಟಿನಲ್ಲಿ ಇದೇ ಬಂಡೀಪುರದ ರಸ್ತೆಯಲ್ಲಿ ಫೋಟೊ ತೆಗೆಯಲು ಹೋದವರೊಬ್ಬರನ್ನು ಆನೆ ಅಟ್ಟಿಸಿಕೊಂಡು ಬಂದು ಬೀಳಿಸಿ ತುಳಿದದ್ದು ನಿಮ್ಮ ಓದುಗರಿಗೂ ನೆನಪಿರುತ್ತದೆ. ಜೀವ ಉಳಿಯಿತು. ಅರಣ್ಯ ಇಲಾಖೆ 25 ಸಾವಿರ ರೂಪಾಯಿ ದಂಡ ಹಾಕಿತು.

ನಾನೇನೂ ಸಾಚಾ ಅಲ್ಲ. ತೊಂಬತ್ತರ ದಶಕದ ಮಾತು, ಕಲ್ಲಿಕೋಟೆ ನೈಟ್ ಸರ್ವಿಸ್. ಆಗ ರಾತ್ರಿಯಿಡೀ ರಸ್ತೆ ತೆರೆದಿರುತ್ತಿತ್ತು. ಮದ್ದೂರು ದಾಟಿ ಮೂಲೆಹೊಳೆ ಕಡೆ ಹೋಗುವಾಗ ಒಂದು ಚುಕ್ಕಿ ಜಿಂಕೆ ಬೆಳಕಿಗೆ ಅಡ್ಡ ಬಂತು. ಜಿಂಕೆಗೆ ಹೆಡ್‌ಲೈಟ್ ಬಿತ್ತು ಅಂದರೆ ಓಡುವುದಿಲ್ಲ, ಕಣ್ಣು ಕುಕ್ಕಿ ಅಲ್ಲೇ ನಿಂತುಬಿಡುತ್ತದೆ. ಎರಡು ಹಸಿರು ಕಣ್ಣು ಕಂಡವು, ಆಮೇಲೆ ಸದ್ದು. ದೊಡ್ಡ ಸದ್ದೇನಲ್ಲ, ಗೋಣಿಚೀಲ ಕೆಳಗೆ ಹಾಕಿದ ಹಾಗೆ. ಪ್ಯಾಸೆಂಜರುಗಳಿಗೆ ಎಚ್ಚರವೂ ಆಗಲಿಲ್ಲ. ತಾಮರಶೇರಿ ಘಾಟಿಯ ಒಂಬತ್ತು ತಿರುವು ಇಳಿಯುವ ತನಕ ನನ್ನ ಕೈ ನಡುಗುತ್ತಿತ್ತು. ಬೆಳಿಗ್ಗೆ ಬಂಪರ್ ತೊಳೆದದ್ದು ನಾನೇ, ಕ್ಲೀನರ್ ಹುಡುಗನಿಗೆ ಬಿಡಲಿಲ್ಲ.

ಆದ್ದರಿಂದ 2009ರಲ್ಲಿ ಚಾಮರಾಜನಗರ ಜಿಲ್ಲಾಧಿಕಾರಿ ರಾತ್ರಿ ಸಂಚಾರ ನಿಲ್ಲಿಸಿದಾಗ, 2010ರ ಮಾರ್ಚಿನಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಾಗ, ಡಿಪೋದಲ್ಲಿ ಎಲ್ಲರೂ ಗೊಣಗಿದರೂ ನಾನು ಬಾಯಿ ಮುಚ್ಚಿಕೊಂಡಿದ್ದೆ. ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಗೇಟು ಬಂದ್. ಆಂಬುಲೆನ್ಸಿಗೆ, ಲೆಕ್ಕದ ಕೆಲವು ಸರ್ಕಾರಿ ಬಸ್ಸುಗಳಿಗೆ ಮಾತ್ರ ಬಿಡುತ್ತಾರೆ. ಕೇರಳದವರಿಗೆ ಕಷ್ಟ ಇದೆ, ಇಲ್ಲ ಅನ್ನುವುದಿಲ್ಲ. ಸುಲ್ತಾನ್ ಬತ್ತೇರಿಯಲ್ಲಿ ನನಗೆ ಚಹಾ ಕೊಡುತ್ತಿದ್ದವನು ವ್ಯಾಪಾರ ಬಿದ್ದುಹೋಯಿತು ಅಂತ ನನ್ನ ಮೇಲೇ ಸಿಟ್ಟು ಮಾಡಿಕೊಂಡಿದ್ದ, ನಾನೇ ಗೇಟು ಹಾಕಿದ ಹಾಗೆ! ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ರಸ್ತೆಗಳ ನಂಬರೂ ಬದಲಾಯಿತು. ಆಗಿನ 212 ಈಗ 766, ಊಟಿ ಕಡೆಯ 67 ಈಗ 181. ಗೇಟು ಮಾತ್ರ ಅದೇ ಹೊತ್ತಿಗೆ ಹಾಕುತ್ತಾರೆ. ರಾತ್ರಿ ಒಂಬತ್ತು ಗಂಟೆ ರಸ್ತೆ ಪ್ರಾಣಿಗಳಿಗೆ, ಹಗಲು ಹದಿನೈದು ಗಂಟೆ ನಮಗೆ. ಆ ಹದಿನೈದು ಗಂಟೆಯಲ್ಲೂ ನಮಗೆ ಸಿಕ್ಕಿರುವುದು ಹಾದುಹೋಗಲು ಅವಕಾಶ, ಇಳಿಯಲು ಅಲ್ಲ.

ಈಗ ಸಂಪಾದಕರಲ್ಲಿ ಒಂದು ಮಾತು. ಬೇಜಾರು ಮಾಡಿಕೊಳ್ಳಬಾರದು. ನಿಮ್ಮ ಭಾನುವಾರದ ಪುರವಣಿಯಲ್ಲಿ ಪ್ರವಾಸದ ಲೇಖನ ಬಂದಾಗಲೆಲ್ಲ ಇಂಥದ್ದೇ ಫೋಟೊ ಇರುತ್ತದೆ. ನಡುವೆ ರಸ್ತೆ, ಎರಡು ಕಡೆ ಕಾಡು, ಗೆರೆಯ ಮೇಲೆ ಬೆನ್ನು ಮಾಡಿ ನಡೆಯುವ ಒಬ್ಬ ಹುಡುಗ ಅಥವಾ ಹುಡುಗಿ. ಅದೇ ಪುಟದ ಹಿಂದೆ ‘ಕಾಡಾನೆ ದಾಳಿ’ ಸುದ್ದಿಯೂ ಇರುತ್ತದೆ. ಆ ಫೋಟೊ ನೋಡಿದವರು ಅಂಥದ್ದೇ ಒಂದು ತೆಗೆಯಬೇಕು ಅಂತ ಹೊರಡುತ್ತಾರೆ. ಬೋರ್ಡು ಹಾಕಿದ್ದಾರಲ್ಲ ಅನ್ನಬಹುದು. ಬೋರ್ಡು ಓದುವವರಿಗಿಂತ ಫೋಟೊ ನೋಡುವವರು ಜಾಸ್ತಿ. ಮಂಗಕ್ಕೆ ಚಿಪ್ಸ್ ಕೊಡಬೇಡಿ ಅನ್ನುವ ಬೋರ್ಡಿನ ಬುಡದಲ್ಲೇ ಚಿಪ್ಸ್ ಪ್ಯಾಕೆಟ್ ಬಿದ್ದಿರುವುದನ್ನು ಎಷ್ಟು ಸಲ ನೋಡಿಲ್ಲ ನಾನು.

ಕಾಡಿನೊಳಗಿನ ರಸ್ತೆಯ ನಡುವೆ ನಿಂತು ತೆಗೆದ ಫೋಟೊಗಳನ್ನು ದಯವಿಟ್ಟು ಅಚ್ಚು ಹಾಕಬೇಡಿ. ಬಸ್ಸಿನ ಕಿಟಕಿಯಿಂದ ತೆಗೆದದ್ದಾದರೆ ಹಾಕಿ, ಸ್ವಲ್ಪ ಅಲ್ಲಾಡಿದ್ದರೂ ಪರವಾಗಿಲ್ಲ, ಕಿಟಕಿ ಸರಳು ಬಿದ್ದಿದ್ದರೂ ಪರವಾಗಿಲ್ಲ. ಬಟ್ಟೆ ಪ್ರಿಂಟ್ ಮಾಡಿ ಮಾರುವವರಿಗೆ ನನ್ನ ಮಾತು ಮುಟ್ಟುವುದಿಲ್ಲ, ಅವರು ಎಲ್ಲಿದ್ದಾರೋ ಏನೋ. ನಿಮಗಾದರೂ ಮುಟ್ಟುತ್ತದೆ.

ಇಷ್ಟೆಲ್ಲ ಈಗ ಬರೆಯಲು ಕಾರಣ ನನ್ನ ಮೊಮ್ಮಗ, ಒಂಬತ್ತನೇ ಕ್ಲಾಸು. ಆ ಕಾರು ಬಲಗಡೆ ಹೋಗುತ್ತಿರುವುದನ್ನು ತೋರಿಸಿದ ಮೇಲೆ ಅವನಿಗೂ ಆ ಬಟ್ಟೆ ಹಿಡಿಸುತ್ತಿಲ್ಲ. ‘ತಾತ, ನಾವೇ ಬಂಡೀಪುರದ ಫೋಟೊ ತೆಗೆದು ಪ್ರಿಂಟ್ ಹಾಕಿಸೋಣ. ನೀವು ಖಾಕಿ ಹಾಕ್ಕೊಂಡು ರಸ್ತೆ ಮಧ್ಯ ನಿಂತ್ಕೊಳ್ಳಿ, ಸಖತ್ತಾಗಿರುತ್ತೆ’ ಅಂದ. ನಾವು ಕೊಟ್ಟ ಫೋಟೊವನ್ನು ಬಟ್ಟೆ ಮೇಲೆ ಹೊಡೆದುಕೊಡುವ ಅಂಗಡಿ ಇಲ್ಲೇ ಪೇಟೆಯಲ್ಲಿದೆಯಂತೆ. ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ನನಗೂ ಆಸೆಯಾಯಿತು. ಅಷ್ಟು ವರ್ಷ ಓಡಾಡಿದ ದಾರಿ, ಮೈ ಮೇಲೆ ಖಾಕಿ, ಹಿಂದೆ ಗೋಪಾಲಸ್ವಾಮಿ ಬೆಟ್ಟ. ಆ ರಾತ್ರಿ ಅದೇ ಯೋಚನೆಯಲ್ಲಿ ನಿದ್ದೆ ತಡವಾಗಿ ಬಂತು.

ಮುಂದಿನ ತಿಂಗಳು ಎರಡನೇ ಶನಿವಾರ ಎಲ್ಲರೂ ಊಟಿಗೆ ಹೊರಟಿದ್ದೇವೆ. ಕಾರು ಓಡಿಸುವವನು ಮಗ. ಪಕ್ಕದ ಸೀಟಿನಲ್ಲಿ ನಾನು ಕೂರುತ್ತೇನೆ ಅಂತ ಈಗಲೇ ಹೇಳಿಟ್ಟಿದ್ದೇನೆ. ಮೇಲುಕಾಮನಹಳ್ಳಿಯಿಂದ ಕೆಕ್ಕನಹಳ್ಳದ ತನಕ ಕಾರು ನಿಲ್ಲಬಾರದು, ಗಾಜು ಇಳಿಯಬಾರದು. ಖಾಕಿ ಅಂಗಿ ಹೊಟ್ಟೆಯ ಹತ್ತಿರ ಬಿಗಿಯಾಗಿತ್ತು, ಸೊಸೆ ಗುಂಡಿ ಜರುಗಿಸಿ ಹೊಲಿದು ಕೊಟ್ಟಿದ್ದಾಳೆ. ಫೋಟೊ ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ತೆಗೆಯುವುದು ಅಂತ ತೀರ್ಮಾನವಾಗಿದೆ. ಮೊಮ್ಮಗನಿಗೆ ಅಷ್ಟು ಸಮಾಧಾನ ಇಲ್ಲ. ಹಿಂದೆ ಊಟಿ ಬೋರ್ಡಿನ ಬಸ್ಸು ನಿಂತಿದ್ದರೆ ಆಗಬಹುದು ಅಂದಿದ್ದಾನೆ.

ಇತಿ ತಮ್ಮ ಓದುಗ,
ನಿವೃತ್ತ ಬಸ್ ಚಾಲಕ, ಮೈಸೂರು