ದುರ್ಗಕ್ಕೆ ಬಂದವರು ಒಂದು ರಾತ್ರಿ ಉಳಿಯುವಂತಾಗಲಿ

ಮಾನ್ಯ ಸಂಪಾದಕರೇ,

ಶನಿವಾರ, ಭಾನುವಾರ ಬಂತೆಂದರೆ ಚಿತ್ರದುರ್ಗದ ಕೋಟೆಯ ಮುಂದೆ ಕಾರು, ಟೆಂಪೊಗಳ ಸಾಲು ನಿಲ್ಲುತ್ತದೆ. ಬೆಂಗಳೂರಿನಿಂದ ಹಂಪಿಗೆ ಹೊರಟವರು ದಾರಿಯಲ್ಲಿ ಇಳಿದು ನೋಡುವುದೇ ಹೆಚ್ಚು. ಬಿಸಿಲೇರಿದ ಮೇಲೆ ಬಂದು, ಕಾದ ಬಂಡೆಗಳ ಮೇಲೆ ಏದುಸಿರು ಬಿಡುತ್ತಾ ಒನಕೆ ಓಬವ್ವನ ಕಿಂಡಿಯವರೆಗೆ ಹೋಗಿ, ಫೋಟೊ ತೆಗೆದುಕೊಂಡು, ಊಟದ ಹೊತ್ತಿಗೆ ಊರು ಬಿಡುತ್ತಾರೆ. ಏಳು ಸುತ್ತಿನ ಕೋಟೆಯನ್ನು ಹೀಗೆ ಮುಗಿಸಿ ಹೋಗುವುದನ್ನು ನೋಡಿದರೆ ಸಂಕಟವಾಗುತ್ತದೆ. ಅಕ್ಕ–ತಂಗಿಯರ ಹೊಂಡ, ಹಿಡಿಂಬೇಶ್ವರ, ಏಕನಾಥೇಶ್ವರಿ ಇವನ್ನೆಲ್ಲ ಬೆಳಗಿನ ತಂಪಿನಲ್ಲಿ ನಿಧಾನವಾಗಿ ನೋಡಬೇಕು. ಕದಂಬ ಮಯೂರಶರ್ಮನ ಶಾಸನವಿರುವ ಚಂದ್ರವಳ್ಳಿಗೆ ಇನ್ನರ್ಧ ದಿನ ಬೇಕು. ರೋಮನ್ ನಾಣ್ಯಗಳು ಸಿಕ್ಕ ನೆಲವದು.

ಬರುವವರನ್ನು ದೂರುವಂತಿಲ್ಲ. ಉಳಿದುಕೊಳ್ಳಲು ಕೈಗೆಟಕುವ ಜಾಗ ಸಿಗದಿದ್ದರೆ ಯಾರು ತಾನೇ ಉಳಿಯುತ್ತಾರೆ?

ಕಳೆದ ಕ್ರಿಸ್‌ಮಸ್ ರಜೆಯಲ್ಲಿ ಗದಗ ಕಡೆಯ ಕುಟುಂಬವೊಂದು ನಮ್ಮ ಬೀದಿಯಲ್ಲಿ ಲಾಡ್ಜ್ ವಿಚಾರಿಸುತ್ತಿತ್ತು. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಕೋಲೂರಿಕೊಂಡ ಅಜ್ಜಿ. ನಾನೇ ಅವರನ್ನು ಒಂದು ಲಾಡ್ಜ್‌ಗೆ ಕರೆದುಕೊಂಡು ಹೋದೆ. ಫೋನಿನಲ್ಲಿ ಹೇಳಿದ ಬಾಡಿಗೆ ಒಂದು, ಐದು ಜನರನ್ನು ಕಣ್ಣಾರೆ ನೋಡಿದ ಮೇಲೆ ಕೌಂಟರಿನಲ್ಲಿ ಹೇಳಿದ್ದು ಇನ್ನೊಂದು. ಹೆಚ್ಚುವರಿ ಹಾಸಿಗೆಗೆ ಬೇರೆ ಹಣ. ಕೆಳಗಿನ ಕೊಠಡಿ ಖಾಲಿ ಇಲ್ಲ, ಲಿಫ್ಟ್ ಇಲ್ಲ, ಬಿಸಿನೀರು ಬೆಳಿಗ್ಗೆ ಎರಡು ತಾಸು ಮಾತ್ರ. ಗೋಡೆಯ ಮೇಲೆ ದೇವರ ಪಟವಿತ್ತು, ಕ್ಯಾಲೆಂಡರ್ ಇತ್ತು, ದರಪಟ್ಟಿ ಮಾತ್ರ ಇರಲಿಲ್ಲ. ಅಜ್ಜಿ ಮೆಟ್ಟಿಲುಗಳನ್ನು ಒಮ್ಮೆ ನೋಡಿ, “ಬೇಡಪ್ಪ, ರಾತ್ರಿ ಬಸ್ಸಿಗೇ ಹೋಗೋಣ” ಎಂದರು. ಕೋಟೆ ಪ್ರವೇಶಕ್ಕೆ ತಲೆಗೆ 25 ರೂಪಾಯಿ, 15 ವರ್ಷದೊಳಗಿನ ಮಕ್ಕಳಿಗೆ ಅದೂ ಇಲ್ಲ. ಕೋಟೆ ನೋಡುವುದು ಬಡವರಿಗೂ ಸಾಧ್ಯ, ತಲೆ ಊರಲು ಮಾತ್ರ ಜಾಗವಿಲ್ಲ.

ದಾವಣಗೆರೆಯಲ್ಲಿ ಉಳಿದು ಬೆಳಗಿನ ಬಸ್ಸಿಗೆ ಬನ್ನಿ ಎಂದು ಕೆಲವರಿಗೆ ನಾನೇ ಹೇಳಿದ್ದುಂಟು. ಅಲ್ಲಿ ಆಯ್ಕೆ ಹೆಚ್ಚು, ಮುಖ್ಯ ರೈಲುಮಾರ್ಗವಿದೆ, ಬೆಣ್ಣೆ ದೋಸೆಯೂ ಇದೆ. ಆದರೆ ದುರ್ಗ ನೋಡಲು ಬಂದವರನ್ನು ಸುಮಾರು 60 ಕಿ.ಮೀ. ಆಚೆಗೆ ಮಲಗಲು ಕಳಿಸುವುದು ನಮ್ಮ ಊರಿಗೆ ಶೋಭೆಯಲ್ಲ.

ಮೊದಲು ಆಗಬೇಕಾದದ್ದು ದರಪಟ್ಟಿ. ಎಷ್ಟು ಜನರಿಗೆ ಎಷ್ಟು, ಹೆಚ್ಚುವರಿ ಹಾಸಿಗೆಗೆ ಎಷ್ಟು, ಕೊಠಡಿ ಬಿಡಬೇಕಾದ ಹೊತ್ತು ಯಾವುದು ಎಂಬುದು ಕೌಂಟರಿನ ಎದುರಿಗೇ ಕನ್ನಡದಲ್ಲಿ ಕಾಣಬೇಕು. ತೆರಿಗೆಯನ್ನೂ ಬರೆಯಲಿ. ದಿನಕ್ಕೆ 1,000 ರೂಪಾಯಿವರೆಗಿನ ಕೊಠಡಿಗಳಿಗೆ ಇದ್ದ ಜಿಎಸ್‌ಟಿ ವಿನಾಯಿತಿ 2022ರ ಜುಲೈ 18ರಂದು ಹೋಯಿತು, ಶೇ 12 ಬಿತ್ತು. 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿವರೆಗಿನ ಕೊಠಡಿಗಳಿಗೆ ಅದು ಶೇ 5ಕ್ಕೆ ಇಳಿದಿದೆ. ಇಳಿದದ್ದು ಗಿರಾಕಿಯ ಕೈಗೆ ಬಂದಿದೆಯೇ ಎಂದು ತಿಳಿಯಲು ರಸೀದಿಯಲ್ಲಿ ಬಾಡಿಗೆ, ತೆರಿಗೆ ಬೇರೆ ಬೇರೆ ಇರಬೇಕು.

ಇನ್ನು ಕೋಟೆಯ ಕೆಳಗಿನ ಹಳೆಯ ಪೇಟೆಯ ಮನೆಗಳು. ಮಕ್ಕಳು ಬೆಂಗಳೂರು ಸೇರಿದ್ದಾರೆ, ಮೇಲಿನ ಕೋಣೆಗಳಿಗೆ ಬೀಗ ಬಿದ್ದಿದೆ, ವಯಸ್ಸಾದ ಗಂಡ ಹೆಂಡತಿ ಕೆಳಗಿದ್ದಾರೆ. ಇಂಥ ಮನೆಗಳೇ ಹೋಮ್‌ಸ್ಟೇ ಆಗಬೇಕು. ಮನೆಯವರು ಅಲ್ಲೇ ವಾಸವಿದ್ದು ಒಂದರಿಂದ ಆರು ಕೋಣೆಗಳವರೆಗೆ ಅತಿಥಿಗಳಿಗೆ ಕೊಡಲು ಕೇಂದ್ರದ ಯೋಜನೆಯಲ್ಲಿ ಅವಕಾಶವಿದೆ. ಹೋಮ್‌ಸ್ಟೇಗಳಿಗೂ ಮುದ್ರಾ ಸಾಲ ಕೊಡುವುದಾಗಿ 2025–26ರ ಕೇಂದ್ರ ಬಜೆಟ್ ಹೇಳಿತು. ಕೋಣೆಗೊಂದು ಶೌಚಾಲಯ ಕಟ್ಟಿಸಲು ಅದು ನೆರವಾದೀತು. ಆದರೆ ನಮ್ಮ ಬೀದಿಯ ಹಿರಿಯರಿಗೆ ಅರ್ಜಿ ಎಂದರೆ ಭಯ, ಪೊಲೀಸ್ ಪರಿಶೀಲನೆ ಎಂದರೆ ಇನ್ನೂ ಭಯ. ಪ್ರವಾಸೋದ್ಯಮ ಇಲಾಖೆಯವರು ಒಂದು ಬೆಳಿಗ್ಗೆ ದೊಡ್ಡಪೇಟೆಯಲ್ಲಿ ಮೇಜು ಹಾಕಿಕೊಂಡು ಕುಳಿತು ಅರ್ಜಿ ತುಂಬಿಸಿಕೊಡಲಿ. ಹತ್ತು ಮನೆ ಮುಂದೆ ಬಂದರೂ ಸಾಕು. ಬಂದವರಿಗೆ ಬೆಳಿಗ್ಗೆ ಬಿಸಿ ರೊಟ್ಟಿ, ಪಲ್ಯ ಸಿಕ್ಕರೆ ಅವರು ದುರ್ಗವನ್ನು ಮರೆಯುವುದಿಲ್ಲ.

ಶಾಲಾ ಪ್ರವಾಸದ ಮಕ್ಕಳ ವಿಷಯ ನನಗೆ ಇನ್ನೂ ಹತ್ತಿರದ್ದು. ಡಿಸೆಂಬರ್, ಜನವರಿಯ ಚಳಿಯಲ್ಲಿ ಬಸ್ಸಿನ ಸೀಟಿನಲ್ಲೇ ನಿದ್ದೆ ಮಾಡಿ ಇಳಿಯುವ ಹೆಣ್ಣುಮಕ್ಕಳಿಗೆ ಮುಖ ತೊಳೆಯಲೂ ಜಾಗವಿರುವುದಿಲ್ಲ. ಜೊತೆಗೆ ಬಂದ ಶಿಕ್ಷಕಿಯರ ಪಾಡೂ ಅದೇ. ಅದೇ ಹೊತ್ತಿಗೆ ಧನುರ್ಮಾಸ ಬಂದಿರುತ್ತದೆ, ಮದುವೆಗಳಿರುವುದಿಲ್ಲ, ಊರಿನ ಕಲ್ಯಾಣ ಮಂಟಪಗಳು ಸಂಕ್ರಾಂತಿಯವರೆಗೆ ಬೀಗ ಹಾಕಿಕೊಂಡಿರುತ್ತವೆ. ದೊಡ್ಡ ಹಾಲ್, ನೀರಿನ ತೊಟ್ಟಿ, ಸಾಲು ಶೌಚಾಲಯ, ವಧು–ವರರ ಕೊಠಡಿ ಎಲ್ಲವೂ ಇವೆ. ಜಮಖಾನ ಹಾಸಿದರೆ ಐವತ್ತು ಮಕ್ಕಳು ನೆಮ್ಮದಿಯಾಗಿ ಮಲಗುತ್ತಾರೆ. ಮಕ್ಕಳ ತಲೆಗಿಷ್ಟು ಎಂದು ಬಾಡಿಗೆ ಗೊತ್ತು ಮಾಡಿದರೆ ಮಾಲೀಕರಿಗೂ ಖಾಲಿ ತಿಂಗಳಲ್ಲಿ ನಾಲ್ಕು ಕಾಸು ಬರುತ್ತದೆ, ಕಾವಲುಗಾರನಿಗೆ ಸಂಬಳವೂ ಹುಟ್ಟುತ್ತದೆ.

ಈ ಸಲ ಧನುರ್ಮಾಸಕ್ಕೆ ಮೊದಲೇ ಜಿಲ್ಲಾಡಳಿತ ಮಂಟಪಗಳ ಮಾಲೀಕರನ್ನು ಕರೆದು ಮಾತನಾಡಬೇಕು. ಒಪ್ಪಿದವರ ಪಟ್ಟಿಯನ್ನು ದೂರವಾಣಿ ಸಂಖ್ಯೆ, ಬಾಡಿಗೆ ಸಹಿತ ಕೋಟೆಯ ಟಿಕೆಟ್ ಕೌಂಟರಿನಲ್ಲೂ ಬಸ್ ನಿಲ್ದಾಣದಲ್ಲೂ ಹಾಕಿಸಬೇಕೆಂದು ಕೇಳಿಕೊಳ್ಳುತ್ತೇನೆ.

– ನಿವೃತ್ತ ಶಿಕ್ಷಕಿ, ಚಿತ್ರದುರ್ಗ