ಹಳೆಯ ಕೋವಿಯ ನಳಿಗೆ ಕತ್ತರಿಸಬೇಡಿ

ಮಾನ್ಯ ಸಂಪಾದಕರೇ,

ಅಮೆರಿಕದ ಹಳೆಯ ಲಿವರ್ ಆ್ಯಕ್ಷನ್ ರೈಫಲನ್ನು (ಕೆಳಗಿನ ಸನ್ನೆ ಎಳೆದು ಮುಂದಿನ ಗುಂಡು ತುಂಬುವಂಥದ್ದು) ಕತ್ತರಿಸಿ, ಉಜ್ಜಿ, ಕೈಗೊಪ್ಪುವ ಕಾರ್ಬೈನ್, ಅಂದರೆ ಗಿಡ್ಡ ನಳಿಗೆಯ ರೈಫಲ್ ಮಾಡುವ ವಿಡಿಯೊಗಳನ್ನು ಈಗ ನಮ್ಮ ಹೆಬ್ರಿ ಕಡೆಯ ಹುಡುಗರೂ ನೋಡುತ್ತಾರೆ. 'ನಮ್ಮ ಮನೆಯ ಕೋವಿಯನ್ನೂ ಹೀಗೇ ಗಿಡ್ಡ ಮಾಡಿಸಿದರೇನು?' ಎಂದು ನೆರೆಮನೆಯ ಹುಡುಗ ಕೇಳಿದ ಮೇಲೆ ಈ ಪತ್ರ ಬರೆಯಲೇಬೇಕೆನಿಸಿತು.

ಅವನ ಆಸೆ ನನಗೆ ಅರ್ಥವಾಗುತ್ತದೆ. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ 12 ಬೋರಿನ ಒಂಟಿ ನಳಿಗೆಯ ಕೋವಿ ನಮ್ಮಲ್ಲೂ ಅಜ್ಜನ ಕಾಲದಿಂದ ಇದೆ. ಕಾಡುಹಂದಿ ನುಗ್ಗಿದ ರಾತ್ರಿ ಅದನ್ನು ಹಿಡಿದು ತೋಟಕ್ಕಿಳಿದರೆ ನಳಿಗೆ ಕಾಳುಮೆಣಸಿನ ಬಳ್ಳಿಗೆ ಸಿಕ್ಕಿಕೊಳ್ಳುತ್ತದೆ.

ಆದರೆ ವಿಡಿಯೊದ ಕೋವಿಯೇ ಬೇರೆ. ಅಂಥ ಅಮೆರಿಕದ ಕೋವಿಗಳಲ್ಲೊಂದಾದ ವಿಂಚೆಸ್ಟರ್ 1894ರ ಮಾದರಿಯಲ್ಲಿ 26 ಇಂಚು ನಳಿಗೆಯ ರೈಫಲ್ ಇದ್ದಂತೆಯೇ, ಕುದುರೆ ಸವಾರರಿಗೆ ಅನುಕೂಲವಾಗಲೆಂದು 20 ಇಂಚಿನ ಕಾರ್ಬೈನೂ ಕಾರ್ಖಾನೆಯಿಂದಲೇ ಬರುತ್ತಿತ್ತು. ಅದು ಒಂದು ತೋಟಾದಲ್ಲಿ, ಅಂದರೆ ಕಾರ್ಟ್ರಿಜ್‌ನಲ್ಲಿ, ಒಂದೇ ಗುಂಡಿರುವ ರೈಫಲ್. ನಮ್ಮ 12 ಬೋರಿನ ತೋಟಾದಲ್ಲಿರುವುದು ಬಹುಪಾಲು ಸಣ್ಣ ಸಣ್ಣ ಗುಂಡುಗಳ ರಾಶಿ. ಅವು ಚದುರದಂತೆ ತಡೆಯುವ ಚೋಕ್ ಎಂಬ ಇಕ್ಕಟ್ಟು ನಳಿಗೆಯ ತುದಿಯಲ್ಲೇ ಇರುತ್ತದೆ. ತುದಿ ಕತ್ತರಿಸಿದರೆ ಮೊದಲು ಹೋಗುವುದು ಅದೇ. ಆಮೇಲೆ ಹಾರಿಸಿದ್ದು ಎಲ್ಲೆಲ್ಲಿ ಚದುರಿ ಬೀಳುತ್ತದೋ ಯಾರು ಬಲ್ಲರು? ತೋಟದ ಆಚೆ ಮನೆಗಳಿವೆ, ದಾರಿಯಲ್ಲಿ ಜನ ಓಡಾಡುತ್ತಾರೆ.

ಅಮೆರಿಕದಲ್ಲೂ ರೈಫಲ್ ನಳಿಗೆ 16 ಇಂಚಿಗಿಂತ ಗಿಡ್ಡವಾಗುವುದಾದರೆ ಅಲ್ಲಿನ ಕೇಂದ್ರ ಸರಕಾರದಲ್ಲಿ ನೋಂದಾಯಿಸಬೇಕು. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಕಲಂ ಇನ್ನೂ ಬಿಗಿ. ಅದಕ್ಕೆಂದೇ ಬೇರೆ ಪರವಾನಗಿ ಇಲ್ಲದೆ ಯಾವ ಕೋವಿಯ ನಳಿಗೆಯನ್ನೂ ಮೊಟಕುಗೊಳಿಸುವಂತಿಲ್ಲ. ಕೋವಿ ಇಟ್ಟುಕೊಳ್ಳಲು ಕೊಟ್ಟ ಪರವಾನಗಿ ಅದಕ್ಕೆ ಸಾಲದು. 2019ರ ತಿದ್ದುಪಡಿಯ ನಂತರ ಇದಕ್ಕೆ ಕನಿಷ್ಠ 7 ವರ್ಷ ಸಜೆ, ಗರಿಷ್ಠ ಜೀವಾವಧಿ. ಊರ ಕಮ್ಮಾರರಲ್ಲಿ, ವೆಲ್ಡಿಂಗ್ ಶೆಡ್ಡಿನಲ್ಲಿ ಮಾಡಿಸಿದರೆ ಮಾಡಿಕೊಟ್ಟವರ ಮೇಲೂ ಕೇಸು ಬೀಳುತ್ತದೆ.

ಹೆಗಲಿಗೆ ಆನಿಸುವ ಮರದ ಭಾಗ ಉದ್ದವಾಯಿತು ಎನಿಸಿದರೆ ಪರವಾನಗಿ ಇರುವ ಕೋವಿ ರಿಪೇರಿಯವರಲ್ಲಿ ಕೇಳಿ ಸರಿಹೊಂದಿಸಿಕೊಳ್ಳಬಹುದು. ಹೆಗಲಿಗೆ ಹಾಕುವ ಪಟ್ಟಿಯೊಂದಿದ್ದರೂ ಎಷ್ಟೋ ಅನುಕೂಲ. ನಳಿಗೆಯನ್ನು ಮಾತ್ರ ಮುಟ್ಟಬಾರದು.

ಮಣಿಪಾಲದ ರಜತಾದ್ರಿಯಲ್ಲಿರುವ ಜಿಲ್ಲಾಧಿಕಾರಿ ಕಚೇರಿಯವರಲ್ಲಿ ಒಂದು ವಿನಂತಿ. ಪರವಾನಗಿ ನವೀಕರಿಸುವಾಗ ಈ 6ನೇ ಕಲಂ ಏನು ಹೇಳುತ್ತದೆಂದು ಸರಳ ಕನ್ನಡದಲ್ಲಿ ಅಚ್ಚು ಮಾಡಿಸಿದ ಒಂದು ಹಾಳೆಯನ್ನು ಕೊಡಿ. ಚುನಾವಣೆಗೆ ಮುನ್ನ ಕೋವಿ ಠೇವಣಿ ಇಡಲು ನಾವೆಲ್ಲ ಠಾಣೆಗೆ ಹೋಗುತ್ತೇವಲ್ಲ, ಆಗ ಅಲ್ಲಿನ ನೋಟಿಸ್ ಬೋರ್ಡಿನಲ್ಲೂ ಅದು ಇರಲಿ.

– ಕೋವಿ ಪರವಾನಗಿದಾರ ಕೃಷಿಕ, ಹೆಬ್ರಿ, ಉಡುಪಿ ಜಿಲ್ಲೆ