ಗೇಮ್‌ಗಳಲ್ಲೂ ಕಥೆ ಇದೆ, ಅದನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ನಮ್ಮ ಪತ್ರಿಕೆಗಳಲ್ಲಿ ವಿಡಿಯೊ ಗೇಮ್ ಸುದ್ದಿ ಬರುವುದು ಹೆಚ್ಚಾಗಿ ಎರಡೇ ಕಾರಣಕ್ಕೆ. ಮಕ್ಕಳು ಮೊಬೈಲ್ ಬಿಡುತ್ತಿಲ್ಲ ಅಂತ, ಇಲ್ಲವೇ ಯಾರೋ ಆನ್‌ಲೈನ್ ಆಟದಲ್ಲಿ ದುಡ್ಡು ಕಳಕೊಂಡರು ಅಂತ. ಎರಡೂ ಬರೆಯಬೇಕಾದ ವಿಷಯವೇ. ಆದರೆ ಗೇಮ್‌ನಲ್ಲೂ ಕಥೆ ಇರುತ್ತದೆ, ಅದರಲ್ಲೂ ಒಳ್ಳೆಯದು ಕೆಟ್ಟದ್ದು ಇರುತ್ತದೆ, ಸಿನಿಮಾಕ್ಕೆ ಬರೆದ ಹಾಗೆ ಇದಕ್ಕೂ ವಿಮರ್ಶೆ ಬರೆಯಬಹುದು ಅಂತ ಯಾರಿಗೂ ಹೊಳೆದಂತಿಲ್ಲ.

ನನ್ನ ರುಚಿ ಹೇಳಿಬಿಡುತ್ತೇನೆ. ಲೋಕ ಉಳಿಸುವ ವೀರರ ಕಥೆ ನನಗೆ ಸಾಕಾಗಿದೆ. ಕತ್ತಿ, ಡ್ರ್ಯಾಗನ್, ಕೊನೆಗೊಬ್ಬ ದೊಡ್ಡ ವಿಲನ್. ಕಥೆ ಬಂದಾಗ ಆಟ ನಿಲ್ಲಿಸಿ ಸುಮ್ನೆ ನೋಡುತ್ತಾ ಕೂರಬೇಕು. ಅದಕ್ಕೆ ಸಿನಿಮಾನೇ ನೋಡಬಹುದಲ್ವಾ? ನನಗೆ ಹಿಡಿಸುವುದು ಮನೆ, ಅಡುಗೆ, ಕೆಲಸದ ಗೇಮ್‌ಗಳು.

ಆಸ್ಟ್ರೇಲಿಯಾದವರು ಮಾಡಿದ ‘ಅನ್‌ಪ್ಯಾಕಿಂಗ್’ (2021) ನೋಡಿ. 1997ರಿಂದ 2018ರವರೆಗೆ ಒಬ್ಬ ಹುಡುಗಿ ಎಂಟು ಸಲ ಮನೆ ಬದಲಾಯಿಸುತ್ತಾಳೆ. ಪೆಟ್ಟಿಗೆ ಬಿಚ್ಚಿ ಸಾಮಾನು ಜೋಡಿಸುವುದಷ್ಟೇ ನಮ್ಮ ಕೆಲಸ. ಅವಳು ಕಣ್ಣಿಗೆ ಬೀಳುವುದೇ ಇಲ್ಲ. 2010ರಲ್ಲಿ ಗೆಳೆಯನ ಫ್ಲ್ಯಾಟಿಗೆ ಬರುತ್ತಾಳೆ, ಅಲ್ಲಿ ಆಗಲೇ ಎಲ್ಲ ಕಡೆ ಅವನದೇ ಸಾಮಾನು. ಅವಳ ಡಿಗ್ರಿ ಸರ್ಟಿಫಿಕೇಟಿನ ಫ್ರೇಮ್ ಹಿಡಿದುಕೊಂಡು ಗೋಡೆಗಳನ್ನೆಲ್ಲ ಹುಡುಕಿದರೂ ಜಾಗವಿಲ್ಲ, ಕೊನೆಗೆ ಮಂಚದ ಕೆಳಗೆ ತಳ್ಳಬೇಕು. ಈ ಸಂಬಂಧ ಜಾಸ್ತಿ ದಿನ ಬಾಳುವುದಿಲ್ಲ ಅಂತ ಆಗಲೇ ಗೊತ್ತಾಗುತ್ತದೆ. ಯಾರೂ ಒಂದು ಮಾತು ಹೇಳಿಲ್ಲ, ತಳ್ಳಿದ್ದು ನಾವೇ. ಇದನ್ನು ಸಿನಿಮಾ ಮಾಡಲಾರದು.

‘ವೆಣ್ಬಾ’ (2023) ನಮಗೆ ಇನ್ನೂ ಹತ್ತಿರದ್ದು. 1980ರ ದಶಕದಲ್ಲಿ ಕೆನಡಾಕ್ಕೆ ಹೋದ ತಮಿಳು ದಂಪತಿಯ ಕಥೆ. ಹರಿದುಹೋದ ಅಡುಗೆ ಪುಸ್ತಕ, ಅರ್ಧಂಬರ್ಧ ವಿವರ, ಇಡ್ಲಿ ತಟ್ಟೆ ಹೇಗೆ ಜೋಡಿಸಬೇಕು ಅಂತ ನಾವೇ ತಲೆ ಓಡಿಸಬೇಕು. (ನಮ್ಮ ಕಡೆಯವರಿಗೆ ಇದು ಸ್ವಲ್ಪ ಸುಲಭವೇ ಅನ್ನಿ.) ಮಗ ದೊಡ್ಡವನಾಗಿ ಅದೇ ಪುಸ್ತಕ ಹಿಡಿದಾಗ ಅವನಿಗೆ ತಮಿಳು ಸರಿಯಾಗಿ ಓದಲು ಬರುವುದಿಲ್ಲ. ಹೊರದೇಶದಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೂ ಕನ್ನಡ ಓದಲು ಎಷ್ಟು ಬರುತ್ತದೆ ಹೇಳಿ.

ಹಾಗಂತ ದಿನನಿತ್ಯದ ಬದುಕು ತೋರಿಸಿದ್ದೆಲ್ಲ ಚೆನ್ನಾಗಿರುತ್ತದೆ ಅಂತಲ್ಲ. ಒಬ್ಬನೇ ಕೂತು ಮಾಡಿದ ‘ಸ್ಟಾರ್‌ಡ್ಯೂ ವ್ಯಾಲಿ’ಯನ್ನು (2016) ಎಲ್ಲರೂ ಹೊಗಳುತ್ತಾರೆ. ನನಗೆ ಅಷ್ಟಕ್ಕಷ್ಟೆ. ಆಫೀಸು ಬೇಸರವಾಗಿ ತಾತನ ಹೊಲಕ್ಕೆ ಬಂದವನು ಬೆಳಗಾದರೆ ಗಿಡಕ್ಕೆ ನೀರು, ಕೋಳಿಗೆ ಮೇವು, ಸಂಜೆಗೆ ಲಾಭದ ಲೆಕ್ಕ ಅಂತ ಮತ್ತೆ ಡ್ಯೂಟಿ ಮಾಡುತ್ತಾನೆ. ಕುಡಿಯುವ ಅಮ್ಮನ ಜೊತೆ ಹಳೇ ಟ್ರೇಲರ್ ಮನೆಯಲ್ಲಿ (ಚಕ್ರದ ಮೇಲಿನ ಪುಟ್ಟ ಮನೆ) ಇರುವ ಆ ಊರಿನ ಹುಡುಗಿ ಪೆನ್ನಿಯ ಕಥೆ ಇನ್ನಷ್ಟು ಬೇಕಿತ್ತು, ಸಿಕ್ಕಿದ್ದು ಬರೀ ತುಣುಕು.

ನಿಮ್ಮ ಭಾನುವಾರದ ಪುರವಣಿಯಲ್ಲಿ ತಿಂಗಳಿಗೊಮ್ಮೆ ಅರ್ಧ ಪುಟ ಇದಕ್ಕೆ ಕೊಡಿ. ಸಿನಿಮಾ ವಿಮರ್ಶೆ ಬರೆಯುವವರೇ ಬರೆದರೂ ಆಯಿತು. ‘ವೆಣ್ಬಾ’ ಮುಗಿಸಲು ಎರಡು ಗಂಟೆಯೂ ಬೇಡ, ಈಗಿನ ನಮ್ಮ ಸಿನಿಮಾಗಳಿಗಿಂತ ಕಡಿಮೆಯೇ.

ಇಂತಿ,
ನಿಮ್ಮ ಓದುಗ, ಶಿವಮೊಗ್ಗ